ಆಂಟಿವೈರಸ್ ಆಫ್ ಮಾಡಿದ ದಿನ

ಮೌಸು ತಾನಾಗಿಯೇ ಓಡಾಡುತ್ತಿದೆ ಎಂದು ಮೌನೇಶ್ವರಿ ಮಂಗಳವಾರ ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ಮಸ್ಕಿಯಲ್ಲಿ ಅವಳದು ಟೈಪಿಂಗ್, ಪ್ರಿಂಟಿಂಗ್ ಅಂಗಡಿ. ಸಿಂಧನೂರಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ. ಒಮ್ಮೆ ಕೀಬೋರ್ಡಿನ ವೈರು ತಾನೇ ಕಿತ್ತಿಟ್ಟು, ಕೆಟ್ಟಿದೆ ಎಂದು ನನ್ನನ್ನು ಕರೆಸಿಕೊಂಡ ಜಾಣೆ ಅವಳು. ಇದೂ ಅಂಥದ್ದೇ ನೆಪ ಎಂದುಕೊಂಡು, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ.

"ಏನ್ ಮೇಡಂನೋರ, ಈ ಸಲ ಯಾವ ವೈರ್ ಕಿತ್ತೀರಿ?" ಎಂದು ಮೆಟ್ಟಿಲಿನಿಂದಲೇ ಕೇಳಿದೆ.

ಅವಳು ತಿರುಗಿದಳು. ಅತ್ತು ಕಣ್ಣು ಊದಿಕೊಂಡಿದ್ದವು.

"ನಗಬ್ಯಾಡ ಪವನ. ನಾ ಟೈಪ್ ಮಾಡಿದ ಕ್ವಶ್ಚನ್ ಪೇಪರ್ ಹೊರಗ ಹೋಗೈತಿ. ಪರೀಕ್ಷೆ ಹಿಂದಿನ ದಿನಾನ ಹುಡುಗರ ವಾಟ್ಸ್ಯಾಪಿನಾಗ ಬಂದೈತಂತ."

ಲಿಂಗಸುಗೂರಿನ ಒಂದು ಖಾಸಗಿ ಕಾಲೇಜಿನ ಪೇಪರುಗಳನ್ನು ಟೈಪ್ ಮಾಡುತ್ತಿದ್ದವಳು ಅವಳೇ. ಆ ಪೇಪರು ಇದ್ದದ್ದು ಇಬ್ಬರ ಬಳಿ ಮಾತ್ರ. ಒಬ್ಬಳು ಇವಳು, ಇನ್ನೊಬ್ಬರು ಪ್ರಶ್ನೆಗಳನ್ನು ಕೈಯಲ್ಲಿ ಬರೆದು, ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಪಂಪಾಪತಿ ಸರ್. ಅವರು ಇವಳಿಗೂ ಪಾಠ ಹೇಳಿದ ಮೇಷ್ಟ್ರು.

ಮೊದಲು ಇಂಟರ್ನೆಟ್ ಕೇಬಲ್ ಕಿತ್ತು ಸ್ಕ್ಯಾನ್ ಹಚ್ಚಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು. ವಿಂಡೋಸಿನದೇ ಹೆಸರಿಟ್ಟುಕೊಂಡು, ಕಂಪ್ಯೂಟರ್ ಆನ್ ಆದಾಗಲೆಲ್ಲ ಗುಟ್ಟಾಗಿ ಶುರುವಾಗುವ ಒಂದು ಪ್ರೋಗ್ರಾಂ.

"ಬ್ಯಾಕ್‌ಡೋರ್ ಅಂತಾರ ಇದಕ್ಕ," ಎಂದೆ. "ಹಿತ್ತಲ ಬಾಗಲಾ ತೆಗೆದಿಟ್ಟಂಗ. ಎಲ್ಲೋ ಕುಂತಾಂವ ಇದರಾಗಿಂದ ಒಳಗ ಬಂದು ನಿನ್ನ ಫೈಲ್ ಒಯ್ತಾನ, ಮೌಸ್ ಸೈತ ಆಡಸ್ತಾನ."

"ಬಾಗಲಾ ತೆಗೆದಾಂವ ಯಾರು?"

ಆ ಫೈಲು ಒಳಗೆ ಬಂದ ತಾರೀಕು ನೋಡಿದೆ. ಹೋದ ವರ್ಷದ ನವೆಂಬರ್ ಹನ್ನೊಂದು. ಆ ತಾರೀಕು ನನಗೆ ಬಾಯಿಪಾಠ.

ಅವತ್ತು ಅವಳಿಗೆ ಮದುವೆ ಕಾರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಬೇಕಿತ್ತು. ನಾನು ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡ ಕ್ರ್ಯಾಕ್ ಕಾಪಿ, ಅಂದರೆ ಕಳ್ಳ ನಕಲು, ತಂದಿದ್ದೆ. ಆಂಟಿವೈರಸ್ ಬೇಡ ಬೇಡ ಎಂದು ಕೆಂಪು ಅಕ್ಷರದಲ್ಲಿ ಎಚ್ಚರಿಸಿತು. ಏನೂ ಆಗುವುದಿಲ್ಲ ಎಂದು ಜಂಬ ಕೊಚ್ಚಿ, ಅದನ್ನೇ ಆಫ್ ಮಾಡಿ ಹಾಕಿಕೊಟ್ಟೆ. ಅವಳು ಮೊದಲ ಸ್ಯಾಂಪಲ್ ಕಾರ್ಡಿನಲ್ಲಿ ವಧು ಮೌನೇಶ್ವರಿ, ವರ ಪವನ ಎಂದು ಟೈಪ್ ಮಾಡಿ, ನನ್ನ ಕಡೆ ನೋಡದೆಯೇ, "ಅಕ್ಷರ ಚೊಲೊ ಬಂದಾವೇನು?" ಎಂದಿದ್ದಳು. ಅವಳ ಕಿವಿಯೆಲ್ಲ ಕೆಂಪಾಗಿತ್ತು. ಈ ಬ್ಯಾಕ್‌ಡೋರ್ ಒಳಗೆ ಬಂದದ್ದು ಅದೇ ಕಾಪಿಯ ಜೊತೆ.

ಬರುವ ಸೋಮವಾರ ನಮ್ಮವ್ವ ಹೆಣ್ಣು ಕೇಳಲು ಬರುವವಳಿದ್ದಳು. ಮೌನೇಶ್ವರಿಯ ಮನೆಯವರು ಕೊನೆಗೂ ಒಪ್ಪಿದ್ದರು. ನಿಜ ಹೇಳಿದರೆ ಎಲ್ಲ ಮುರಿದುಬೀಳುತ್ತದೆ ಎಂದು ಹೆದರಿದೆ.

"ಯಾರದರ ಪೆನ್‌ಡ್ರೈವಿಂದ ಬಂದಿರ್ತೈತಿ," ಎಂದೆ.

"ಈ ತಿಂಗಳ ಪಂಪಾಪತಿ ಸರ್‌ದು ಒಂದಾ ಹಾಕೀನಿ. ಅವರದಾ?"

"ಇರಬೌದು."

ಅಷ್ಟು ಹೇಳುವಾಗ ನಾನು ಸ್ಕ್ರೀನನ್ನೇ ನೋಡುತ್ತಿದ್ದೆ. ಭಾನುವಾರ ಬಂದು ಪೂರ್ತಿ ತೆಗೆಯುತ್ತೇನೆ, ಅಲ್ಲಿಯವರೆಗೆ ಆನ್ ಮಾಡಬೇಡ ಎಂದು ಹೇಳಿ ಎದ್ದುಬಂದೆ.

ಶುಕ್ರವಾರ ಫೋನ್ ಬಂತು. "ನೀ ಹೇಳಿದ್ದನ್ನ ನಾ ಕಾಲೇಜಿನಾಗ ಹೇಳಿದೆ. ಸರ್‌ಗೆ ಕೆಲಸದಿಂದ ತೆಗೆದಾರ ಪವನ. ಅಂಗಡಿ ಮುಂದ ಹೊಂಟಿದ್ರು, ನಮಸ್ಕಾರ ಮಾಡಿದ್ರ ತಿರುಗಿ ನೋಡಲಿಲ್ಲ." ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು, ನಾಚಿಕೆಗೇಡಿ, ಅಳಬ್ಯಾಡ ಎಂದು ಸಮಾಧಾನ ಬೇರೆ ಹೇಳಿದೆ.

ಶನಿವಾರ ಬೆಳಿಗ್ಗೆ ಮಸ್ಕಿಗೆ ಹೋಗಿ, ಅವಳ ಎದುರು ನಿಂತು ಎಲ್ಲ ಹೇಳಿದೆ. ಕ್ರ್ಯಾಕ್ ಕಾಪಿ, ತಾರೀಕು, ನನ್ನ ಸುಳ್ಳು, ಒಂದೂ ಬಿಡಲಿಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಶಟರ್ ಎಳೆದು ಬೀಗ ಹಾಕಿದಳು.

"ನಡಿ ಲಿಂಗಸುಗೂರಿಗೆ."

ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಹೋಗಿ ಕುಳಿತವಳು ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. ಪ್ರಿನ್ಸಿಪಾಲರ ಮುಂದೆ ತಪ್ಪು ನನ್ನದೆಂದು ಬರೆದುಕೊಟ್ಟೆ. ಅವರು ಪಂಪಾಪತಿ ಸರ್ ಅವರನ್ನು ಕರೆಸಿ ಕೆಲಸ ವಾಪಸ್ ಕೊಟ್ಟರು. ಅವಳಿಗೆ ಇನ್ನು ಟೈಪಿಂಗಿಗೆ ಪೇಪರು ಕೊಡುವುದಿಲ್ಲ ಎಂದರು. ಅವಳು ಕಾಲು ಮುಟ್ಟಿದಾಗ ಸರ್ ಅವಳ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಬಿಡವ್ವಾ," ಎಂದರು. ನನ್ನನ್ನು ಏನೂ ಅನ್ನಲಿಲ್ಲ.

ಮಧ್ಯಾಹ್ನ ಅಂಗಡಿಗೆ ಬಂದು ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. ನೋಟ್‌ಬುಕ್ಕು, ಪೆನ್ನು ತೆಗೆದಳು.

"ನೀ ಮುಟ್ಟಬ್ಯಾಡ. ಹೇಳು, ಬರ್ಕೊಂಡು ನಾನಾ ಮಾಡ್ತೀನಿ. ಮುಂದ ಹಿಂಗಾದ್ರ ನಿನ್ನ ಕರೀಬಾರದು ನಾ."

ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದೆ. ಒಂದೊಂದೇ ಹೇಳಿದೆ.

"ನೆಟ್ ಹಚ್ಚಬ್ಯಾಡ. ಫೋಟೊ, ಡಾಕ್ಯುಮೆಂಟ್ ಅಷ್ಟ ಬ್ಯಾರೆ ಕಡೆ ತಗೊ, ಸಾಫ್ಟ್‌ವೇರ್ ಒಂದೂ ತಗೋಬ್ಯಾಡ. ಅದೊಂದ ಫೈಲ್ ಅಳಿಸಿದ್ರ ಸಾಲಂಗಿಲ್ಲ, ಎಲ್ಲೆರ ಇನ್ನೊಂದು ಕುಂತಿರ್ತೈತಿ. ಪೂರಾ ಫಾರ್ಮ್ಯಾಟ್ ಮಾಡಿ ಅಸಲಿ ವಿಂಡೋಸ್ ಹಾಕು. ಪಾಸ್‌ವರ್ಡ್ ಎಲ್ಲಾ ಫೋನಿಂದ ಬದಲಿ ಮಾಡು. ಆಂಟಿವೈರಸ್ ಯಾರು ಹೇಳಿದ್ರೂ ಆಫ್ ಮಾಡಬ್ಯಾಡ."

"ಯಾರು ಹೇಳಿದ್ರೂ," ಎನ್ನುತ್ತ ಬರೆದುಕೊಂಡಳು. ಅಕ್ಷರ ಸೊಟ್ಟ ಬಂದವು.

"ಸೋಮವಾರ ನಮ್ಮವ್ವ..." ಎಂದೆ.

"ಬರಬ್ಯಾಡಂತ ಹೇಳು."

"ನಿನ್ನ ಕಳ್ಕೊಂತೀನಂತ ಹೆದರಿ ಸುಳ್ಳು ಹೇಳಿದೆ."

"ಮಂಗಳವಾರಾನ ನಿಜ ಹೇಳಿದ್ರ ಎರಡು ಮಾತು ಬೈತಿದ್ದೆ. ಆಮ್ಯಾಲ ಚಾ ತರಸ್ತಿದ್ದೆ." ಅವಳ ಕಣ್ಣೀರು ನೋಟ್‌ಬುಕ್ಕಿನ ಮೇಲೆ ಬಿತ್ತು. "ನಿನ್ನ ನಂಬಿ ಸರ್ ಹೆಸರು ಹೇಳಿದೆ ಪವನ. ಇನ್ನ ನೀ ಏನ್ ಹೇಳಿದ್ರೂ ನನಗ ಸರ್ ಮುಖಾನ ಕಾಣ್ತೈತಿ. ನಿನ್ನ ಜೋಡಿ ಹೆಂಗ ಬಾಳೆ ಮಾಡ್ಲಿ?"

ಅವಳು ಕಣ್ಣು ಒರೆಸಿಕೊಂಡು, ಬರೆದದ್ದನ್ನು ನೋಡುತ್ತ ಒಂದೊಂದೇ ಮಾಡತೊಡಗಿದಳು. ಎಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಸ್ಕ್ರೀನ್ ಕೇಳಿತು. ನನ್ನನ್ನು ಕೇಳದೆಯೇ ಒತ್ತಿದಳು.

"ಎಷ್ಟೊತ್ತು ಹಿಡಿತೈತಿ?"

"ಒಂದು ತಾಸು."

"ಹಂಗಾದ್ರ ನೀ ಹೋಗು. ಸಿಂಧನೂರು ಬಸ್ ಬರೋ ಹೊತ್ತಾತು."

ಆ ಒಂದು ತಾಸಾದರೂ ಅವಳ ಪಕ್ಕ ಕೂರಬೇಕೆಂದು ಜೀವ ಬಡಿದುಕೊಂಡಿತು. ಕೇಳುವ ಮುಖ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದೆ.