ಬ್ರಾಹ್ಮಿಯ ಬ್ಯೂಗಲ್, ಉಮ್ಮರಾಕನ ಬಂಗುಡೆ

"ಪುರ್ರ್ರ್... ಪೋಂಯ್!"

ಬ್ರಾಹ್ಮಿ ಬ್ಯೂಗಲನ್ನು ಬಾಯಿಂದ ತೆಗೆದು ಉಸಿರೆಳೆದುಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಮೂವರು ಹೆಂಗಸರು ತಟ್ಟೆ ಹಿಡಿದು ನಿಂತಿದ್ದರು.

"ಬಂಗುಡೆ ಉಂಟಾ?" ಎಂದು ಕೇಳಿದ ಪಕ್ಕದ ಮನೆಯ ಪ್ರೇಮಾವತಿ ಆಂಟಿ ಅತ್ತಿತ್ತ ನೋಡಿದರು. "ಉಮ್ಮರಾಕ ಎಲ್ಲಿ?"

ಉಮ್ಮರಾಕ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತರುವವರು. ಅವರ ಹಾರ್ನ್ ಕೂಡ ಹೀಗೇ ಕೂಗುತ್ತಿತ್ತು.

"ಮೀನಲ್ಲ ಆಂಟಿ, ನಾನು!" ಎಂದಳು ಬ್ರಾಹ್ಮಿ.

ಅವಳ ಅಮ್ಮ ವಿಮಲಾ ಒಳಗಿನಿಂದ ಓಡಿ ಬಂದರು. ಅವರದು ಜೈನರ ಮನೆ. ಆ ಮನೆಗೆ ಇವತ್ತಿನವರೆಗೆ ಒಂದು ಮೊಟ್ಟೆ ಕೂಡ ಬಂದದ್ದಿಲ್ಲ. ಈಗ ನೋಡಿದರೆ ಅಂಗಳದಲ್ಲಿ ಮೀನಿಗೆ ಕ್ಯೂ!

ಬ್ರಾಹ್ಮಿ ಪುಂಜಾಲಕಟ್ಟೆಯ ಶಾಲೆಯಲ್ಲಿ ಐದನೇ ಕ್ಲಾಸು. ಶಾಲೆಯ ಬ್ಯಾಂಡಿಗೆ ಅವಳನ್ನು ಸೇರಿಸಿಕೊಂಡ ಪಿ.ಟಿ. ಸರ್ ಬ್ಯೂಗಲನ್ನು ಮನೆಗೆ ಕೊಟ್ಟು, "ದಿನಾ ಹತ್ತು ನಿಮಿಷ ಊದು. ಡಿಸೆಂಬರಿನ ಸ್ಪೋರ್ಟ್ಸ್ ಡೇಗೆ ನೀನೇ ಊದಬೇಕು" ಎಂದಿದ್ದರು. ಆಗ ಸೆಪ್ಟೆಂಬರ್.

ಮೂರು ದಿನ ಹೀಗೇ ತಟ್ಟೆಗಳು ಬಂದು ಹೋದವು. ನಾಲ್ಕನೇ ದಿನ ನಿಜವಾದ ಹಾರ್ನ್ ಕೇಳಿದಾಗ, "ಅದು ಬ್ರಾಹ್ಮಿ" ಎಂದು ಯಾರೂ ಹೊರಗೆ ಬರಲಿಲ್ಲ. ಎರಡು ಬೆಕ್ಕು ಮಾತ್ರ ಬಂದವು.

ಉಮ್ಮರಾಕ ಗೇಟಿನ ಹೊರಗೇ ಸ್ಕೂಟರ್ ನಿಲ್ಲಿಸಿದರು. "ವಿಮಲಕ್ಕ, ನನ್ನ ಬಂಗುಡೆ ಎಲ್ಲ ಹಾಗೇ ಉಂಟು ಮಾರಾಯ್ರೆ!"

ಅಮ್ಮನಿಗೆ ನಾಚಿಕೆಯಾಯಿತು. "ಬ್ರಾಹ್ಮಿ, ಸಾಕು. ಇವತ್ತೇ ಅದನ್ನು ಸರ್‌ಗೆ ವಾಪಸ್ ಕೊಡು."

ಬ್ರಾಹ್ಮಿ ಬ್ಯೂಗಲನ್ನು ಬೆನ್ನ ಹಿಂದೆ ಅಡಗಿಸಿದಳು. ಅವಳ ಕಣ್ಣು ತುಂಬಿತು.

ಅದನ್ನು ನೋಡಿ ಉಮ್ಮರಾಕ ತಲೆ ಕೆರೆದುಕೊಂಡರು. "ವಾಪಸ್ ಎಲ್ಲ ಬೇಡ. ಒಂದು ಕೆಲಸ ಮಾಡುವ. ನೀನು ಸರಿಯಾಗಿ ಏಳು ಗಂಟೆಗೆ ಊದು. ನಾನು ಏಳೂಕಾಲಿಗೆ ಬರ್ತೇನೆ. ನಿನ್ನದು ಕೇಳಿದ ಕೂಡಲೇ ಎಲ್ಲರೂ ತಟ್ಟೆ ತೊಳೆದಿಡ್ಲಿ. ಆದ್ರೆ ಒಂದು ದಿನ ಸಹ ತಪ್ಪಿಸಬಾರದು, ಆಯ್ತಾ?"

"ನಮ್ಮ ಮನೆಯಿಂದ ಮೀನಿಗೆ ಬೆಲ್ ಹೊಡೆಯುವುದಾ!" ಎಂದು ಅಮ್ಮ ತಲೆ ಮೇಲೆ ಕೈ ಹೊತ್ತು ಕುಳಿತರು. ಆದರೆ ಮಗಳ ಮುಖ ನೋಡಿ ಬೇಡ ಎನ್ನಲಿಲ್ಲ.

ಅಲ್ಲಿಂದ ಬ್ರಾಹ್ಮಿಗೆ ರಜೆಯೇ ಇಲ್ಲ. ಒಂದು ಭಾನುವಾರ ಮುಸುಕು ಹಾಕಿ ಮಲಗಿದ್ದಳು. ಕಿಟಕಿಯ ಹೊರಗಿನಿಂದ ಪ್ರೇಮಾವತಿ ಆಂಟಿ ಕೂಗಿದರು: "ಬ್ರಾಹ್ಮೀ, ಏಳು ಗಂಟೆ ಆಯ್ತು! ಮನೆಗೆ ನೆಂಟರು ಬಂದಿದ್ದಾರೆ, ಬೇಗ ಊದು!"

ಶೀತವಾದ ದಿನ ಬ್ಯೂಗಲಿನಿಂದ ಸ್ವರ ಬರುವ ಮೊದಲು ಮೂಗಿನಿಂದ ಸಿಂಬಳ ಬಂತು. ಒರೆಸಿಕೊಂಡು ಊದಿದಳು. ಪರೀಕ್ಷೆಯ ದಿನ ಕೈಯಲ್ಲಿ ಗಣಿತದ ಪುಸ್ತಕ ಹಿಡಿದುಕೊಂಡೇ ಊದಿದಳು. ಪುರ್ರ್... ಪೋಂಯ್.

ಡಿಸೆಂಬರಿನ ಒಂದು ಬೆಳಿಗ್ಗೆ ಪ್ರೇಮಾವತಿ ಆಂಟಿ ಗಾಬರಿಯಿಂದ ಓಡಿ ಬಂದರು. "ಎಂಥ ಆಯ್ತು ಮಾರಾಯ್ತಿ? ಪುರ್ರ್ ಇಲ್ಲವೇ ಇಲ್ಲ! ಟಿವಿಯಲ್ಲಿ ಪೆರೇಡಿಗೆ ಊದಿದ ಹಾಗೆ ಕೇಳ್ತದೆ. ಇವತ್ತು ಮೀನು ಬರುವುದಿಲ್ಲವಾ?"

ಸ್ಪೋರ್ಟ್ಸ್ ಡೇ ದಿನ ಬ್ರಾಹ್ಮಿ ಮೈದಾನದ ನಡುವೆ ನಿಂತು ಊದಿದಳು. ಸ್ವರ ಒಡೆಯಲಿಲ್ಲ, ನಡುಗಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನವರೂ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಪಿ.ಟಿ. ಸರ್ ಖುಷಿಯಲ್ಲಿ ತಾವೇ ಸೆಲ್ಯೂಟ್ ಹೊಡೆದುಬಿಟ್ಟರು.

ಮಾರ್ಚ್‌ಪಾಸ್ಟ್ ಮುಗಿದ ಮೇಲೆ ಎರಡನೇ ಕ್ಲಾಸಿನ ಜುಲೈಕಾ ಬಂದು ಅವಳ ಬ್ಯೂಗಲನ್ನು ಮುಟ್ಟಿ ನೋಡಿದಳು.

"ಅಕ್ಕ, ನಿಮಗೆ ಇದನ್ನು ಊದಲಿಕ್ಕೆ ಯಾವ ದಿನ ಬಂತು?"

ಬ್ರಾಹ್ಮಿ ಹೇಳಲು ಬಾಯಿ ತೆರೆದಳು. ಆ ಭಾನುವಾರವಾ? ಅಲ್ಲ, ಅವತ್ತು ಬರೀ ಪುರ್ರ್. ಪರೀಕ್ಷೆಯ ದಿನವಾ? ಅವತ್ತೂ ಅಲ್ಲ. ಅದರ ಮರುದಿನ? ಬೆರಳು ಮಡಚಿ ಮಡಚಿ ಹುಡುಕಿದಳು. ಆ ದಿನ ಸಿಗಲೇ ಇಲ್ಲ.

ಬ್ಯೂಗಲನ್ನು ಚೆನ್ನಾಗಿ ಒರೆಸಿ ಜುಲೈಕಾಳ ಕೈಗೆ ಕೊಟ್ಟಳು. "ಊದು, ನೋಡುವ."

"ಪುಸ್ಸ್," ಎಂದಿತು ಬ್ಯೂಗಲ್.

ಸುತ್ತಲಿದ್ದವರು ನಕ್ಕರು. ಬ್ರಾಹ್ಮಿ ನಗಲಿಲ್ಲ.

"ಇವತ್ತಿಗೆ ಇಷ್ಟು ಸಾಕು," ಎಂದಳು. "ನಾಳೆ ಪುನಃ ಬಾ."