ಎರಡೂಕಾಲು ಬ್ಲಾಕ್

ಶನಿವಾರ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತಲು ಬರುವ ಮೊದಲೇ ವನಿತಾ ಮೆಟ್ಟಿಲ ಮೇಲೆ ಕೂತಿದ್ದಳು. ಪದ್ಮನಾಭನಗರದಲ್ಲಿ ಕಟ್ಟಡದ ನಕ್ಷೆಗಳನ್ನು ಪ್ರಿಂಟ್ ಮಾಡಿಕೊಡುವ ಅಂಗಡಿ ನನ್ನದು. ತಿಲಕ್ ನಗರದ ಈ ಹುಡುಗಿ ನನ್ನ ಹಳೆಯ ಗಿರಾಕಿ. ಅವತ್ತು ಮಾತ್ರ ಅವಳ ಕೈಯಲ್ಲಿ ಪೆನ್‌ಡ್ರೈವ್ ಇರಲಿಲ್ಲ, ಕಣ್ಣು ಊದಿಕೊಂಡಿತ್ತು.

"ಶಿವರಾಜಣ್ಣ, ಮೇಲ್ಗಡೆ ಆಂಟಿ ಇದಾರಾ? ಸೋಮವಾರ ಶಾಲೆಯೋರು ನನ್ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ."

ಮೇಲ್ಗಡೆ ಆಂಟಿ ಎಂದರೆ ನನ್ನ ಮನೆಮಾಲೀಕರಾದ ಮೀನಾಕ್ಷಮ್ಮನವರು. ಸರ್ಕಾರಿ ಕಚೇರಿಯ ನಕ್ಷೆ ವಿಭಾಗದಲ್ಲಿ ಮೂವತ್ತು ವರ್ಷ ಗೆರೆ ಎಳೆದು ನಿವೃತ್ತರಾದವರು. ಆಮೇಲೆ ಈ ಎಂಟು ವರ್ಷಗಳಲ್ಲಿ ಅವರು ಬಿಡಿಸಿದ ಒಗಟುಗಳಿಗೆ ಲೆಕ್ಕವಿಲ್ಲ. ಅವರ ಸ್ಕೂಟರ್ ಓಡಿಸುವವನೂ ನಾನೇ, ಪ್ರತಿ ಕೇಸಿನಲ್ಲೂ ಮೊದಲು ತಪ್ಪು ಕಳ್ಳನನ್ನು ಹಿಡಿಯುವವನೂ ನಾನೇ.

"ಅಳೋದು ಆಮೇಲೆ, ಮೊದಲು ಕಾಫಿ ಕುಡಿ," ಎಂದು ಮೀನಾಕ್ಷಮ್ಮ ಲೋಟವನ್ನು ಅವಳ ಕೈಗಿಟ್ಟರು. "ಈಗ ಹೇಳು."

ಜೆ.ಪಿ. ನಗರದ ಒಂದು ಶಾಲೆಯ ಮೈದಾನಕ್ಕೆ ಮಣ್ಣು ತುಂಬಿಸಿ ಎತ್ತರಿಸಿದ್ದರು. ಆ ಮಣ್ಣನ್ನು ತಡೆಯಲು ಮೂವತ್ತಾರು ಮೀಟರ್ ಉದ್ದಕ್ಕೆ ಸಿಮೆಂಟಿನ ಹಾಲೋ ಬ್ಲಾಕ್ ಗೋಡೆ ಕಟ್ಟಿದ್ದರು. ಇಂಥ ಗೋಡೆಯಲ್ಲಿ ಬ್ಲಾಕಿನ ತೂತುಗಳೊಳಗೆ ಕಬ್ಬಿಣದ ಕಂಬಿ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಯಾವ ತೂತಿಗೆ ಕಂಬಿ, ಎಷ್ಟು ಉದ್ದ, ಎಲ್ಲಿ ಬಾಗಬೇಕು ಎಂದು ಬಿಡಿಸಿ ತೋರಿಸುವ ಕಂಬಿ ಡ್ರಾಯಿಂಗ್ ಮಾಡುವುದೇ, ಆ ಗೋಡೆ ಕಟ್ಟಿಸಿದ ಜಯನಗರದ ಆಫೀಸಿನಲ್ಲಿ ವನಿತಾಳ ಕೆಲಸ. ಆರುನೂರು ಮಿಲಿಮೀಟರಿಗೆ ಒಂದರಂತೆ ಅರವತ್ತು ಕಂಬಿ ಎಂದು ಅವಳು ಬರೆದಿದ್ದಳು. ಹೋದ ವಾರ ಒಂದೇ ಮಳೆಗೆ ಅರ್ಧ ಗೋಡೆ ಉರುಳಿತು. ಅದರಡಿ ಸಿಕ್ಕ ವಾಚ್‌ಮನ್ ಮುನಿಯಣ್ಣನ ಕಾಲು ಎರಡು ಕಡೆ ಮುರಿಯಿತು. ಸೈಟಿನ ಫೈಲು ತೆಗೆದು ನೋಡಿದರೆ ಡ್ರಾಯಿಂಗಿನಲ್ಲಿ ಒಂಬೈನೂರಕ್ಕೊಂದು ಕಂಬಿ, ಕೆಳಗೆ ವನಿತಾಳ ಹೆಸರು.

"ಆಫೀಸಿನ ಕಂಪ್ಯೂಟರಲ್ಲಿ?" ಮೀನಾಕ್ಷಮ್ಮ ಕೇಳಿದರು.

"ಅಲ್ಲೂ ಒಂಬೈನೂರೇ ಆಂಟಿ. ಪಾಸ್‌ವರ್ಡ್ ಗೋಡೆ ಮೇಲೆ ಅಂಟಿಸಿದೆ, ಯಾರು ಬೇಕಾದ್ರೂ ತೆಗೀಬಹುದು. ಗಾಬರೀಲಿ ನಾನೂ ಓಪನ್ ಮಾಡಿ ಸೇವ್ ಒತ್ಬಿಟ್ಟೆ. ಈಗ ಕೊನೇ ಸಲ ಬದಲಾಯಿಸಿದ್ದು ನಾನೇ ಅಂತ ಫೈಲು ತೋರಿಸ್ತಿದೆ."

ಏಪ್ರಿಲ್‌ನಲ್ಲಿ ಆ ಡ್ರಾಯಿಂಗ್ ಪ್ರಿಂಟ್ ಮಾಡಿದ್ದವನು ನಾನೇ. ಆದರೆ ಗಿರಾಕಿಗಳ ಫೈಲನ್ನು ಅದೇ ಸಂಜೆ ಅಳಿಸಿಹಾಕುವುದು ನನ್ನ ಶಿಸ್ತು. ಆ ಶಿಸ್ತಿನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

"ಕೆಲಸ ಹೋದ್ರೆ ಹೋಗ್ಲಿ ಆಂಟಿ," ವನಿತಾ ಲೋಟ ಕೆಳಗಿಟ್ಟಳು. "ಮುನಿಯಣ್ಣ ನಮ್ಮ ಬೀದಿಯವರು. ಅವರ ಹೆಂಡ್ತಿ ನಾಗಲಕ್ಷ್ಮಮ್ಮನೇ ನನ್ನ ಎತ್ತಿ ಆಡಿಸಿದ್ದು. ನಿನ್ನೆ ಆಸ್ಪತ್ರೇಲಿ ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು. ಅದನ್ನ ಮಾತ್ರ ತಡ್ಕೊಳೋಕೆ ಆಗ್ತಿಲ್ಲ."

"ಆರುನೂರು ಅಂತ ಬರೆದದ್ದು ಖಂಡಿತ ತಾನೇ?"

"ದೇವರಾಣೆ ಆಂಟಿ."

"ದೇವರು ಸಾಕ್ಷಿ ಹೇಳೋಕೆ ಬರಲ್ಲಮ್ಮ, ಗೋಡೆ ಹೇಳತ್ತೆ. ಶಿವು, ಗಾಡಿ ತೆಗಿ."

ಶಾಲೆಯ ಹಿಂದೆ ಬಿದ್ದ ಗೋಡೆಯ ಬುಡ ಇನ್ನೂ ಹಾಗೇ ಇತ್ತು. ಅದರಿಂದ ಸೊಟ್ಟಗಾದ ಕಂಬಿಗಳು ಮೇಲಕ್ಕೆ ಚಾಚಿದ್ದವು. ಮೀನಾಕ್ಷಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು, ಒಂದು ಕಂಬಿಯಿಂದ ಇನ್ನೊಂದಕ್ಕೆ ಬ್ಲಾಕುಗಳನ್ನು ಎಣಿಸುತ್ತ ಹೋದರು. ನಾನು ಬರೆದುಕೊಂಡೆ. ಎರಡು ಬ್ಲಾಕ್, ಎರಡೂವರೆ ಬ್ಲಾಕ್, ಮತ್ತೆ ಎರಡು, ಮತ್ತೆ ಎರಡೂವರೆ. ಕೊನೆಯವರೆಗೂ ಅದೇ ಕತೆ.

ಕಂಬಿ ಮೇಸ್ತ್ರಿ ದಾಸಪ್ಪ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಡ್ರಾಯಿಂಗ್ ನೋಡ್ಕೊಂಡು ಹಾಕಿದ್ಯೇನಪ್ಪ?"

"ಎಲ್ಲಿ ಡ್ರಾಯಿಂಗು ಮೇಡಂ? ಸೈಟಿಗೆ ಬಂದಿದ್ದನ್ನ ಸುರುಳಿ ಬಿಚ್ಚೋಕೆ ಮುಂಚೇನೇ ಏನೋ ಬದಲಾವಣೆ ಅಂತ ವಾಪಸ್ ತರಿಸ್ಕೊಂಡ್ರು. ನಲವತ್ತು ಕಂಬಿ ಬಂತು, ಹಂಚಿ ಹಾಕು ಅಂದ್ರು. ತೂತು ಸಿಕ್ಕ ಕಡೆ ಇಳಿಸ್ದೆ."

"ಯಾರು ಅಂದಿದ್ದು?"

ದಾಸಪ್ಪ ಗೇಟಿನ ಕಡೆ ನೋಡಿದ. "ಆಫೀಸಿನೋರು. ಹೆಸರು ಕೇಳ್ಬೇಡಿ ಮೇಡಂ, ಹೊಟ್ಟೆಪಾಡು."

ವನಿತಾ ಹೇಳಿದ ಪ್ರಕಾರ ದಾಸಪ್ಪನಿಗೆ ಹೀಗೆ ಅಪ್ಪಣೆ ಕೊಡಬಲ್ಲವರು ಅವಳ ಆಫೀಸಿನಲ್ಲಿ ಇಬ್ಬರೇ. ಒಬ್ಬ ಮನೋಜ್, ವನಿತಾಳ ಪಕ್ಕದ ಸೀಟಿನವನು. ಎಂಟು ವರ್ಷದಿಂದ ಬ್ಲಾಕ್ ಗೋಡೆಗಳ ಡ್ರಾಯಿಂಗ್ ಮಾಡುತ್ತಿದ್ದರೂ ಈ ವರ್ಷದ ಬಡ್ತಿ ಅವನನ್ನು ಬಿಟ್ಟು ವನಿತಾಳಿಗೆ ಸಿಕ್ಕಿತ್ತು. ಇನ್ನೊಬ್ಬರು ಪ್ರಾಜೆಕ್ಟ್ ಮುಖ್ಯಸ್ಥ ಕೈಲಾಸ್. ಸೈಟುಗಳಿಗೆ ಕಬ್ಬಿಣ ತರಿಸಿ ಕಳಿಸುವವರು ಅವರೇ. ಎತ್ತರದ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳನ್ನೇ ಕಟ್ಟಿಸಿ ಪಳಗಿ ಹೋದ ವರ್ಷ ಇಲ್ಲಿಗೆ ಬಂದಿದ್ದರು. ಡ್ರಾಯಿಂಗಿನಲ್ಲಿ ಇದ್ದಷ್ಟೇ ಕಬ್ಬಿಣ ಕಳಿಸಿದೆ ಎನ್ನುವುದು ಅವರ ಮಾತು.

"ಮನೋಜೇ!" ಎಂದೆ ನಾನು, ಸ್ಕೂಟರ್ ಸ್ಟಾರ್ಟ್ ಮಾಡುತ್ತ. "ಹೊಟ್ಟೆಕಿಚ್ಚು ಅಮ್ಮ. ಬೇರೆ ಕಾರಣವೇ ಬೇಡ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋನು ನೀನು," ಎಂದು ಅವರು ನಕ್ಕರು. "ನಾಳೆ ನಾಲ್ಕು ಗಂಟೆಗೆ ಎಲ್ಲರನ್ನೂ ಇಲ್ಲಿಗೆ ಕರಿ. ದಾಸಪ್ಪನಿಗೆ ಹೇಳು, ಹೊಸ ಬ್ಲಾಕಲ್ಲಿ ಒಂದು ಸಾಲು ಜೋಡಿಸಿ, ಮೊದಲನೇ ತೂತಿಗೆ ಒಂದು ಕಂಬಿ ನಿಲ್ಲಿಸ್ಲಿ. ಮಿಕ್ಕದ್ದರ ಮೇಲೆ ಒದ್ದೆ ಗೋಣಿಚೀಲ ಹೊದಿಸ್ಲಿ."

ಭಾನುವಾರ ಎಲ್ಲರೂ ಬಂದರು. ಶಾಲೆಯ ಕಾರ್ಯದರ್ಶಿ ವಿಮಲಾ ಕುರ್ಚಿಯಲ್ಲಿ ಕೂತು, "ನಂಗೆ ಗೋಡೆಗಿಂತ ಮುನಿಯಣ್ಣನ ಕಾಲಿಗೆ ಉತ್ತರ ಬೇಕು. ಕಂಪ್ಲೇಂಟ್ ಬರೆದಿಟ್ಟಿದೀನಿ," ಎಂದರು. ವನಿತಾ ತಲೆ ಎತ್ತಲಿಲ್ಲ. ಮನೋಜ್ ಉಗುರು ಕಚ್ಚುತ್ತಿದ್ದ. ಅದನ್ನು ನಾನು ವಿಶೇಷವಾಗಿ ಗಮನಿಸಿದೆ.

ಮೀನಾಕ್ಷಮ್ಮ ಫೈಲಿನಲ್ಲಿದ್ದ ಡ್ರಾಯಿಂಗನ್ನು ಹರಡಿದರು. "ಕೈಲಾಸ್ ಸಾರ್, ನೀವು ಹಿರಿಯರು. ಈ ಡ್ರಾಯಿಂಗ್ ಪ್ರಕಾರ ಇಲ್ಲಿಂದ ಮುಂದಿನ ಕಂಬಿ ಎಲ್ಲಿ ಬರತ್ತೆ? ಸೀಮೇಸುಣ್ಣದಲ್ಲಿ ಒಂದು ಗುರುತು ಹಾಕಿಬಿಡಿ."

ಕೈಲಾಸ್ ಮೊದಲನೇ ತೂತಿನಲ್ಲಿ ನಿಲ್ಲಿಸಿದ್ದ ಕಂಬಿಯಿಂದ ಟೇಪ್ ಎಳೆದು, ಬ್ಲಾಕಿನ ಮುಂಬದಿಗೆ ಗೀಟು ಹಾಕಿ ಎದ್ದರು. "ಒಂಬೈನೂರು. ಇದ್ರಲ್ಲೇನಿದೆ ಮೇಡಂ?"

"ಸರಿಯಾಗಿದೆ ತಾನೇ?"

"ಒಂದು ಮಿಲಿಮೀಟರೂ ಆಚೀಚೆ ಇಲ್ಲ."

"ಮನೋಜ್, ಇನ್ನು ನೀನಪ್ಪ."

ಮನೋಜ್ ಡ್ರಾಯಿಂಗ್ ನೋಡಿದ, ಟೇಪ್ ಮುಟ್ಟಲೇ ಇಲ್ಲ. "ಬ್ಲಾಕ್ ಗೋಡೇಲಿ ಒಂಬೈನೂರು ಕೂರಲ್ಲ ಮೇಡಂ. ಗಟ್ಟಿ ಜಾಗಕ್ಕೆ ಹೋಗಿ ಬೀಳತ್ತೆ." ಮೂಲೆಯಿಂದ ದಾಸಪ್ಪನೂ ಹೂಂಗುಟ್ಟಿದ.

ಮೀನಾಕ್ಷಮ್ಮ ಗೋಣಿಚೀಲ ಎತ್ತಿದರು. ಕೈಲಾಸ್ ಹಾಕಿದ ಗೀಟಿನ ನೇರ ಮೇಲೆ ತೂತಿರಲಿಲ್ಲ. ಎರಡು ತೂತುಗಳ ನಡುವಿನ ಗಟ್ಟಿ ಸಿಮೆಂಟ್ ಇತ್ತು.

"ಒಂದು ಬ್ಲಾಕ್ ನಾನೂರು ಮಿಲಿಮೀಟರ್, ಅದಕ್ಕೆರಡು ತೂತು," ಅವರು ನಿಧಾನವಾಗಿ ಹೇಳಿದರು. "ಅಂದ್ರೆ ಅರ್ಧ ಬ್ಲಾಕಿಗೊಂದು ತೂತು. ಆರುನೂರು ಒಂದೂವರೆ ಬ್ಲಾಕು, ಕೂರತ್ತೆ. ಎಂಟುನೂರು ಎರಡು, ಸಾವಿರ ಎರಡೂವರೆ, ಅವೂ ಕೂರತ್ತೆ. ಒಂಬೈನೂರು ಎರಡೂಕಾಲು ಬ್ಲಾಕು. ಕಾಲು ಬ್ಲಾಕಲ್ಲಿ ತೂತೇ ಇರಲ್ಲ. ಬ್ಲಾಕಿನ ಕೆಲಸ ಗೊತ್ತಿರೋರ ಕೈ ಈ ಸಂಖ್ಯೆ ಬರೆಯೋದೇ ಇಲ್ಲ."

"ಹಾಗಿದ್ರೆ ವನಿತಾನೇ ಕಣ್ತಪ್ಪಿ ಬರೆದಿರ್ಬೇಕು," ಎಂದರು ಕೈಲಾಸ್.

"ಬರೆದಿದ್ರೆ ಮೊದಲನೇ ದಿನವೇ ದಾಸಪ್ಪ ಕೆಲಸ ನಿಲ್ಲಿಸಿ, ಇದು ಕೂರಲ್ಲ ಅಂತ ಫೋನ್ ಮಾಡ್ತಿದ್ದ. ಯಾರೂ ಮಾಡಿಲ್ಲ, ಯಾಕಂದ್ರೆ ಗೋಡೆ ಕಟ್ಟುವಾಗ ಈ ಡ್ರಾಯಿಂಗೇ ಇರಲಿಲ್ಲ. ದಾಸಪ್ಪನಿಗೆ ಸಿಕ್ಕಿದ್ದು ಅಳತೆ ಅಲ್ಲ, ನಲವತ್ತು ಕಂಬಿಯ ಎಣಿಕೆ. ಅದಕ್ಕೇ ಒಂದ್ಸಲ ಎರಡು ಬ್ಲಾಕ್, ಒಂದ್ಸಲ ಎರಡೂವರೆ ಬಿಟ್ಟು ಹೊಂದಿಸಿದಾನೆ. ಗೋಡೆ ಬಿದ್ಮೇಲೆ ಯಾರೋ ಕೂತು ಮೂವತ್ತಾರು ಮೀಟರನ್ನ ನಲವತ್ತರಿಂದ ಭಾಗಿಸಿದಾರೆ. ಉತ್ತರ ಸರಿಯಾಗಿ ಒಂಬೈನೂರು. ಅದನ್ನ ವನಿತಾಳ ಫೈಲಿಗೆ ತುಂಬಿ, ಪ್ರಿಂಟ್ ಹಾಕಿ, ಸೈಟಿಗೆ ತಂದಿಟ್ಟಿದಾರೆ. ಅವರಿಗೆ ಕಂಬಿ ಎಷ್ಟು ಹೋಯ್ತು ಅಂತ ಗೊತ್ತು. ಬ್ಲಾಕಿಗೆ ತೂತು ಎಲ್ಲಿರತ್ತೆ ಅಂತ ಗೊತ್ತಿಲ್ಲ."

ಅವರು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಕೈಲಾಸ್ ಬೆರಳಿಗಂಟಿದ ಸೀಮೇಸುಣ್ಣವನ್ನು ಪ್ಯಾಂಟಿಗೆ ಉಜ್ಜಿಕೊಳ್ಳತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನ್ನ ಕಣ್ಣ ಮುಂದೆಯೇ ನಡೆಯಿತು.

"ಕೈಲಾಸ್ ಸಾರೇ ಮೇಡಂ, ಫೋನ್ ಮಾಡಿದ್ದು," ದಾಸಪ್ಪ ಎದ್ದು ನಿಂತ. "ಇಷ್ಟು ದಿನ ಹೆದರ್ಕೊಂಡು ಬಾಯ್ ಮುಚ್ಕೊಂಡಿದ್ದೆ."

ಕೈಲಾಸ್ ಬ್ಲಾಕಿನ ಸಾಲಿನ ಮೇಲೇ ಕೂತರು. "ಶಾಲೆ ಶುರುವಾಗೋದ್ರೊಳಗೆ ಮುಗಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಕಬ್ಬಿಣದ ಲಾರಿ ಬರಲಿಲ್ಲ. ಬೊಮ್ಮನಹಳ್ಳಿ ಸೈಟಲ್ಲಿ ನಲವತ್ತು ಉಳಿದಿತ್ತು, ಸಾಕಾಗತ್ತೆ ಅಂದ್ಕೊಂಡೆ."

"ಕಂಬಿ ಸಾಲದೆ ಬಂದಾಗ ಎರಡು ವಾರ ಕಾಯ್ಬಹುದಿತ್ತು," ಎಂದರು ಮೀನಾಕ್ಷಮ್ಮ. "ಬಿದ್ಮೇಲಾದ್ರೂ ನಿಜ ಹೇಳ್ಬಹುದಿತ್ತು. ಅದು ಬಿಟ್ಟು ಕೈಕೆಳಗಿನ ಹುಡುಗಿ ಹೆಸರಲ್ಲಿ ಸುಳ್ಳು ಗೆರೆ ಎಳೆದ್ರಲ್ಲ, ಅದನ್ನ ನಾನು ಕ್ಷಮಿಸಲ್ಲ."

ವಿಮಲಾ ಚೀಲದಿಂದ ದೂರಿನ ಹಾಳೆ ತೆಗೆದು, ವನಿತಾಳ ಹೆಸರು ಹೊಡೆದು, ಮೇಲೆ ಇನ್ನೊಂದು ಹೆಸರು ಬರೆದರು. ನಾನು ಮನೋಜನ ಹತ್ತಿರ ಹೋಗಿ ಕೈ ಕುಲುಕಿದೆ. ಯಾಕೆ ಎಂದು ಅವನಿಗೆ ಅರ್ಥವಾಗಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ನಡೆದದ್ದನ್ನು ವಿಮಲಾ ಫೋನಿನಲ್ಲಿ ಮೊದಲೇ ತಿಳಿಸಿದ್ದರು. ವನಿತಾ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ನಾಗಲಕ್ಷ್ಮಮ್ಮ ಬೆಂಚಿನ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ, "ಬಾ, ಕೂತ್ಕೋ. ಊಟ ಮಾಡಿದ್ಯಾ?" ಎಂದರು. ಹುಡುಗಿ ಅವರ ಮಡಿಲಿಗೆ ತಲೆ ಹಾಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಹಾಸಿಗೆಯಲ್ಲಿದ್ದ ಮುನಿಯಣ್ಣ ಕಟ್ಟು ಹಾಕಿದ ಕಾಲನ್ನೇ ನೋಡುತ್ತ ಹೇಳಿದರು:

"ಗೋಡೆ ಮತ್ತೆ ಕಟ್ತಾರಲ್ಲಮ್ಮ. ಈ ಸಲ ಕಂಬಿ ಇಳಿಸೋವಾಗ ನೀನೇ ಬಂದು ನಿಂತ್ಕೊ. ನಾನು ಅದೇ ಗೇಟಲ್ಲಿ ಕೂರ್ಬೇಕು."