ಊದಿದರೆ ಹೋಗದ ಧೂಳು

ಓಡುವ ಹಾಗಿರಲಿಲ್ಲ!

ಹಿಂದೆ ಇಬ್ಬರು. ಕೈಯಲ್ಲಿ ಕಬ್ಬಿಣದ ಸಲಾಕೆ. ನನ್ನ ಅಂಗೈಗಳ ಮೇಲೆ ಒಂದು ಪುಟ್ಟ ಡಬ್ಬಿ... ಅಲುಗದ ಹಾಗೆ, ಮಟ್ಟಸವಾಗಿ.

"ಅಲುಗಿದ್ರೆ ಧೂಳು ಉದುರುತ್ತೆ. ಓಡ್ಬೇಡಿ, ನಡ್ಕೊಂಡು ಬನ್ನಿ" ಎಂದು ಲ್ಯಾಬಿನವಳು ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು.

ಕೇಳಿ ಸ್ವಾಮಿ, ಇಪ್ಪತ್ತು ವರ್ಷದಿಂದ ಬೇರೆಯವರ ತಲೆನೋವು ಮುಗಿಸಿಕೊಡುವುದೇ ನನ್ನ ದಂಧೆ. ಚಾಕುವಿನಿಂದ ತಪ್ಪಿಸಿಕೊಂಡಿದ್ದೇನೆ. ಲಾರಿಯಿಂದ ತಪ್ಪಿಸಿಕೊಂಡಿದ್ದೇನೆ. ತುಂಬಿದ ಕೊಡ ಹೊತ್ತವನ ಹಾಗೆ ಹೆಜ್ಜೆ ಎಣಿಸಿಕೊಂಡು ತಪ್ಪಿಸಿಕೊಳ್ಳಲು ಹೊರಟದ್ದು ಅದೇ ಮೊದಲು!

ಡಬ್ಬಿಯೊಳಗೆ ಒಂದು ಫಿಲ್ಟರ್ ಕಾಗದ. ಹಿಂದಿನ ದಿನ ಹಾಲಿನಂತೆ ಬೆಳ್ಳಗಿತ್ತು. ನನ್ನನ್ನು ಕರೆಸಿದ ಟೈಲರಮ್ಮನ ಒಂಟಿ ಕೋಣೆಯಲ್ಲಿ ಲ್ಯಾಬಿನ ಮೆಷಿನ್ ಇಟ್ಟು, ಇಪ್ಪತ್ತನಾಲ್ಕು ಗಂಟೆ ಅದರ ಮೂಲಕ ಗಾಳಿ ಎಳೆದೆವು. ಕಾಗದ ಕಪ್ಪಾಗಿತ್ತು.

ಅದೇ ಗಾಳಿಯನ್ನು ಅವಳ ಮಗಳು ಆರು ವರ್ಷದಿಂದ ಎಳೆಯುತ್ತಿದ್ದಾಳೆ. ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೊರಗಿ ಕೂತೇ ನಿದ್ದೆ. ಇನ್ನೊಂದು ಚಳಿಗಾಲ ತಡೆಯುವುದು ಕಷ್ಟ ಎಂದಿದ್ದರು ಡಾಕ್ಟರು.

ಅವರಿರುವ ನಲವತ್ತು ಮನೆಗಳ ವಠಾರ ಧಣಿಯದು. ಕಲ್ಲಿದ್ದಲಿನ ಡಿಪೋವೂ ಧಣಿಯದೇ. ಅಲ್ಲಿರಬೇಕಾದರೆ ಅವನ ಇದ್ದಲನ್ನೇ ಉರಿಸಬೇಕು. ಚೀಲದ ಮೇಲೆ ದಪ್ಪಕ್ಷರ... 'ಹೊಗೆರಹಿತ'!

ಹನ್ನೊಂದಕ್ಕೆ ಮಾಲಿನ್ಯ ನಿಯಂತ್ರಣ ಅಧಿಕಾರಿಯ ಮುಂದೆ ವಿಚಾರಣೆ. ಮಗು ಏದುಸಿರು ಬಿಡುವುದು ಸಾಕ್ಷಿಯಲ್ಲವಂತೆ. ಸಾಕ್ಷಿಗೆ ಕಾಗದ ಬೇಕಂತೆ! ಆ ಕಾಗದದ ತೂಕದ ಲೆಕ್ಕ ಅಲ್ಲಿಗೆ ತಲುಪಿದರೆ ಮನೆಮನೆಗೂ ಗ್ಯಾಸ್. ತಲುಪದಿದ್ದರೆ ಆ ಗೋಡೆ, ಆ ಮಗು.

ಗಲ್ಲಿಯ ತುದಿಯಲ್ಲಿ ಬೆಳಕು ಮುಚ್ಚಿತು.

ಗೂಳಿ! ಧಣಿಯ ಬಲಗೈ.

"ಏನಣ್ಣ, ಮೊಟ್ಟೆ ಹೊತ್ಕೊಂಡು ಕಾವಿಗೆ ಕೂರೋಕೆ ಹೊರಟ್ಯಾ?"

"ದಾರಿ ಬಿಡೋ."

"ಬಿಡ್ತೀನಿ. ಡಬ್ಬಿ ಕೊಡು."

"ಕೊಡದಿದ್ರೆ?"

ಹಿಂದಿನಿಂದ ಸಲಾಕೆ ಮೊಣಕಾಲಿಗೆ ಬಿತ್ತು. ಉತ್ತರ ಸ್ಪಷ್ಟವಾಗಿತ್ತು!

ನಾನು ಬಿದ್ದೆ. ಡಬ್ಬಿ ಬೀಳಲಿಲ್ಲ. ಗೂಳಿ ಅದನ್ನು ಕಿತ್ತುಕೊಂಡು ಸೀಲ್ ಒಡೆದ.

"ಲೇ, ಫೋನ್ ಹಿಡಿಯೋ. ಕೆಲಸ ಆಯ್ತು ಅಂತ ಧಣಿಗೆ ತೋರಿಸ್ಬೇಕು."

ಕೆನ್ನೆ ಉಬ್ಬಿಸಿದ. ಫೂ! ಫೂ! ಫೂ!

"ಈಗ ತೂಗಿಸ್ಕೋ! ಲೇ, ವಠಾರದ ಗ್ರೂಪಿಗೂ ಹಾಕೋ. ಇನ್ನೊಂದ್ಸಲ ಮೆಷಿನ್ ಇಡೋ ಗಂಡೆದೆ ಯಾರಿಗಿದೆ ನೋಡೋಣ."

ಡಬ್ಬಿಯನ್ನು ನನ್ನ ಎದೆಯ ಮೇಲೆಸೆದು ಹೋದರು.

ಕುಂಟುತ್ತಾ ಲ್ಯಾಬ್ ಮುಟ್ಟಿದೆ. ಟೈಲರಮ್ಮ ಬಾಗಿಲಲ್ಲೇ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪ್ ಹಾಗೇ.

"ಎಲ್ಲಾ ಊದಿಬಿಟ್ಟ ತಾಯಿ..."

ಲ್ಯಾಬಿನವಳು ಚಿಮಟದಿಂದ ಕಾಗದವೆತ್ತಿ ತಕ್ಕಡಿಯ ಗಾಜಿನ ಪೆಟ್ಟಿಗೆಯೊಳಗಿಟ್ಟಳು. ಅಂಕಿ ನೋಡಿದಳು. ನಕ್ಕಳು!

"ಊದಿದ್ರೆ ಹಾರೋದು ಬೂದಿ ಕಣ್ರೀ. ಈ ಧೂಳಿನ ಕಣ ತಲೆಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು. ಕಾಗದದ ಎಳೆಯೊಳಗೇ ಕೂತ್ಬಿಡುತ್ತೆ. ಊದಿದ್ರೆ ಹೋಗೋ ಹಾಗಿದ್ರೆ, ಇವರ ಮಗಳು ಕೆಮ್ಮಿ ಆಚೆ ಹಾಕ್ತಿರ್ಲಿಲ್ವಾ?"

"ಎಷ್ಟಿದೆ?"

"ಮಿತಿಯ ಹನ್ನೊಂದು ಪಟ್ಟು."

"ಹಾಗಾದ್ರೆ... ನಾನು ಓಡಬಹುದಿತ್ತಾ?"

"ಸ್ವಲ್ಪ ಓಡಬಹುದಿತ್ತು. ಜೋಪಾನ ಅನ್ನೋದು ನಮ್ಮ ರೂಢಿ."

ಮೊಣಕಾಲನ್ನು ನೋಡಿಕೊಂಡೆ. ಅದು ಕುಂಬಳಕಾಯಿಯಾಗಿತ್ತು!

ಹನ್ನೊಂದು ಗಂಟೆ. ಧಣಿಯ ವಕೀಲ ಹುಲಿಯಂತೆ ಎಗರಿದ.

"ಸೀಲ್ ಒಡೆದಿದೆ ಸಾರ್! ಮಸಿ ಬಳಿದು ತಂದಿದ್ದಾರೆ!"

ಅಧಿಕಾರಿ ಕನ್ನಡಕ ತೆಗೆದಿಟ್ಟರು. ಮುಗಿಯಿತು ಕತೆ ಅಂದುಕೊಂಡೆ...

ಟೈಲರಮ್ಮ ಎದ್ದಳು. ಸೀದಾ ಹೋಗಿ ಮೇಜಿನ ಮೇಲೆ ಫೋನಿಟ್ಟಳು.

"ನಮ್ಮನ್ನ ಹೆದರಿಸೋಕೆ ಇವರೇ ಕಳಿಸಿದ್ದು ಸಾರ್. ನೋಡಿ."

ಫೂ! ಫೂ! ಫೂ! ಈಗ ತೂಗಿಸ್ಕೋ!

ಧಣಿ ಛಾವಣಿ ನೋಡಿದ. ವಕೀಲ ಧಣಿಯನ್ನು ನೋಡಿದ.

"ಬಳಿದಿಲ್ಲ, ಊದಿದ್ದಾರೆ" ಎಂದರು ಅಧಿಕಾರಿ. "ಊದಿದ ಮೇಲೂ ಹನ್ನೊಂದು ಪಟ್ಟೇನಮ್ಮ?"

"ಹೌದು ಸಾರ್" ಎಂದಳು ಲ್ಯಾಬಿನವಳು.

ಚಳಿಗೆ ಮುಂಚೆ ನಲವತ್ತೂ ಮನೆಗೆ ಗ್ಯಾಸ್. ಧಣಿಯ ಖರ್ಚಿನಲ್ಲಿ. ಯಾರನ್ನೂ ಖಾಲಿ ಮಾಡಿಸುವಂತಿಲ್ಲ. ಟೈಲರಮ್ಮ ಅಳಲಿಲ್ಲ. ಒಂದು ಉದ್ದನೆಯ ಉಸಿರೆಳೆದುಕೊಂಡಳು, ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ಗೂಳಿ. ತಲೆ ಮೊಣಕಾಲುಗಳ ನಡುವೆ.

"ಧಣಿ ಒದ್ದು ಓಡಿಸ್ದ ಅಣ್ಣ..."

"ಒಳ್ಳೇದಾಯ್ತು."

"ವಠಾರದ ಕೊನೇ ಮನೆ ನಂದು. ಎರಡು ಕೂಸಿವೆ." ತಲೆಯೆತ್ತಿದ. "ನಮಗೂ ಗ್ಯಾಸ್ ಬರುತ್ತಾ?"

ಅವನನ್ನು ದಾಟಿ ಕುಂಟುತ್ತಾ ಇಳಿದೆ.

"ಬರುತ್ತೆ ಕಣೋ. ನಿನ್ನ ಪುಣ್ಯ... ಯಾರು ಯಾರ ಆಳು ಅಂತ ಗಾಳಿ ಕೇಳಲ್ಲ!"